ಅವ್ವನ ಹಂಡೆಗೆ ಒಂದು ಹೊರೆ ಕಟ್ಟಿಗೆ

ಗೀಸರ್ ಇನ್ನೂ ಡಬ್ಬಿಯಲ್ಲೇ ಇದೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಅವ್ವ ಅದನ್ನು ಒಮ್ಮೆ ತಿರುವಿ ನೋಡಿ, "ಕರೆಂಟಿನ ನೀರು ಮೈಗೆ ಹತ್ತಂಗಿಲ್ಲೋ" ಎಂದಳು. ಅಷ್ಟೇ, ಡಬ್ಬಿ ಅಟ್ಟ ಏರಿತು. ನಮ್ಮೂರು ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನಲ್ಲಿ, ಕಾಡಿನ ಅಂಚಿಗಿದೆ. ದೀಪಾವಳಿ ಕಳೆದರೆ ಬೆಳಗಿನ ಚಳಿ ಎಲುಬಿಗೆ ಮುಟ್ಟುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕರೆಂಟೂ ಹೋಗುತ್ತದೆ. ಹಾಗಾಗಿ ಅವ್ವನ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇರಲಿಲ್ಲ.

ಅಪ್ಪ ಇರುವವರೆಗೆ ಬಚ್ಚಲ ಒಲೆಗೆ ಕಟ್ಟಿಗೆ ಎಲ್ಲಿಂದ ಬರುತ್ತದೆ ಎಂದು ನಾನು ಯೋಚಿಸಿದವನೇ ಅಲ್ಲ. ಹಿತ್ತಲಲ್ಲಿ ಒಟ್ಟಿರುತ್ತಿತ್ತು, ಒಲೆಯಲ್ಲಿ ಉರಿಯುತ್ತಿತ್ತು. 2025ರ ದೀಪಾವಳಿ ಅಪ್ಪ ಇಲ್ಲದ ಮೊದಲ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟಿ ಬಳಿದು, ಕೊರಳಿಗೆ ಮಾಲಿಂಗನ ಬಳ್ಳಿ ಕಟ್ಟಿದೆವು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಕೂತರೆ ಹಿತ್ತಲಲ್ಲಿ ಇದ್ದದ್ದು ಒಂದು ಹಿಡಿ ಪುಳ್ಳಿ, ನಾಲ್ಕು ಕುಳ್ಳು. ದೊಡ್ಡವ್ವನ ಮನೆಯಿಂದ ಕಟ್ಟಿಗೆ ಸಾಲ ತಂದು ಎಣ್ಣೆಸ್ನಾನ ಮುಗಿಸಿದೆವು.

ಆ ಸಲ ನಾಲ್ಕು ತಿಂಗಳು ಊರಲ್ಲೇ ಇರುವುದು ಎಂದು ಮೊದಲೇ ಅಂದುಕೊಂಡಿದ್ದೆ. ನನ್ನ ಕೆಲಸ ಲ್ಯಾಪ್‌ಟಾಪಿನಲ್ಲಿ ನಡೆಯುವಂಥದ್ದು, ಮಧ್ಯಾಹ್ನದ ಮೇಲೆ ಶುರುವಾಗುವಂಥದ್ದು. "ಮುಂಜಾನೆ ಖಾಲೀನ ಇರ್ತಿ. ಕಾಡಿನ್ಯಾಗ ಪುಕ್ಕಟ ಬಿದ್ದಿರತೈತಿ, ತಂದ ಹಾಕಬೇಕು ಅಷ್ಟ" ಎಂದ ಕಾಕಾ. ಈ 'ಪುಕ್ಕಟ' ಅನ್ನುವ ಮಾತು ಆಮೇಲೆ ನಾಲ್ಕು ತಿಂಗಳು ನನ್ನ ಬೆನ್ನು ಬಿಡಲಿಲ್ಲ. ಬೆನ್ನು ಅಂದರೆ ನಿಜವಾದ ಬೆನ್ನೇ, ಸೊಂಟದಿಂದ ಮೇಲಿನದು.

ನಾನು ಸುಮ್ನೆ ಕೊಡಲಿ ಹಿಡಿದು ಹೊರಟಿದ್ದೆ. ದೊಡ್ಡವ್ವ ಬಾಗಿಲಲ್ಲೇ ತಡೆದಳು. "ಮೊದಲ ಗಾರ್ಡ್ ಸಾಹೇಬ್ರನ್ನ ಕೇಳಿ ಬಾ ತಮ್ಮಾ. ನಾವಾದ್ರ ಹಳೇ ಮಂದಿ, ಮಾರಿ ಗುರ್ತ ಐತಿ. ನೀ ಪ್ಯಾಂಟ್ ಹಾಕ್ಕೊಂಡು ಕೊಡ್ಲಿ ಹಿಡಕೊಂಡ್ರ ನಾಟಾ ಕಳ್ಳ ಅಂತಾರ."

ಅರಣ್ಯ ಇಲಾಖೆಯ ಗಾರ್ಡ್ ನನಗಿಂತ ಸಣ್ಣ ವಯಸ್ಸಿನವರು. ಮೊದಲು ಸ್ವಲ್ಪ ಅನುಮಾನದಿಂದ ನೋಡಿದರು. ಅವ್ವನ ಹಂಡೆಯ ಕಥೆ ಹೇಳಿದ ಮೇಲೆ ನಕ್ಕರು. ಅವರ ಮನೆಯಲ್ಲೂ ಅದೇ ಗಲಾಟೆಯಂತೆ. ಆಮೇಲೆ ಕೂರಿಸಿಕೊಂಡು ಒಂದೊಂದಾಗಿ ಹೇಳಿದರು. ಇದು ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಇಲ್ಲಿಯ ಕಟ್ಟಿಗೆಯೂ ಸರ್ಕಾರದ ಸ್ವತ್ತು. ಹಾಗಂತ ಊರಿನವರ ಒಲೆಗೆ ಅಡ್ಡ ಬರುವುದಿಲ್ಲ. ನೆಲಕ್ಕೆ ಬಿದ್ದದ್ದು, ಒಣಗಿದ್ದು, ತಲೆ ಮೇಲೆ ಹೊರುವಷ್ಟು. ಮನೆಗೆ ಮಾತ್ರ, ಮಾರುವುದಕ್ಕಲ್ಲ. "ಕೊಡ್ಲಿ ತರಬ್ಯಾಡ್ರಿ ಸರ, ಗರಗಸಾನೂ ಬ್ಯಾಡ. ಗಾಡಿ ಅಂತೂ ಬ್ಯಾಡೇ ಬ್ಯಾಡ. ಬೈಕಿನ ಹಿಂದ ಕಟ್ಟಿದ್ದು ಕಂಡ್ರ ನಾ ಕೇಸ್ ಹಾಕಬೇಕಾಗತೈತಿ." ನಿಂತ ಮರ ಒಣಗಿದ್ದರೂ ಅದು ನಿಂತ ಮರವೇ. ಸಾಗವಾನಿ ಬಿದ್ದಿದ್ದರೂ ಕೈ ಹಚ್ಚುವ ಹಾಗಿಲ್ಲ, ಅದು ಡಿಪೋಕ್ಕೆ ಹೋಗುತ್ತದೆ. ಶ್ರೀಗಂಧದ ಒಂದು ಚಕ್ಕೆಯನ್ನೂ ಮುಟ್ಟಬಾರದು. ಕಾಡೆಲ್ಲ ಹಬ್ಬುವ ಕಳೆಗಿಡ ಲಂಟಾನ ಮಾತ್ರ ಎಷ್ಟು ಬೇಕಾದರೂ ಒಯ್ಯಬಹುದು. "ಅದನ್ನ ಒಯ್ದ್ರ ನಮಗ ಉಪಕಾರ" ಎಂದರು. ನನ್ನ ಹೆಸರು, ಫೋನ್ ನಂಬರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಇದನ್ನೇ ಮುಂಡರಗಿ ಕಡೆಯ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. "ನಿಮ್ಮೂರಿನ ಲೆಕ್ಕ ಹಿಡಕೊಂಡು ನಮ್ಮ ಕಡೆ ಬರಬ್ಯಾಡಪಾ" ಎಂದ. ಅವರ ಕಡೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಗಿದೆ. ಅಲ್ಲಿ ಕಾನೂನು ಬೇರೆ, ಬಿಗಿಯೂ ಜಾಸ್ತಿ. ಅದು ದೊಡ್ಡ ಮರಗಳ ಕಾಡೂ ಅಲ್ಲ. ಹುಲ್ಲು, ಕುರುಚಲು ಗಿಡ, ತೋಳ, ಕತ್ತೆಕಿರುಬ ಇರುವ ಗುಡ್ಡ. ನಮ್ಮ ಜಿಲ್ಲೆಯಲ್ಲೇ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ ಇದೆ, ಅದಕ್ಕೂ ಧಾಮದ ಕಾನೂನೇ. ಆದ್ದರಿಂದ ಇದನ್ನು ಓದಿ ಯಾರೂ ಹಗ್ಗ ಹಿಡಿದು ಹತ್ತಿರದ ಕಾಡಿಗೆ ನುಗ್ಗಬೇಡಿ. ಮೊದಲು ಗಾರ್ಡ್ ಮನೆ ಹುಡುಕಿ.

ಮೊದಲ ದಿನ ಬೆಳಗ್ಗೆ ಆರಕ್ಕೆ ಹೊರಟೆವು. ದೊಡ್ಡವ್ವ, ಅವಳ ಸೊಸೆ ಅಂದರೆ ನಮ್ಮ ವೈನಿ, ಓಣಿಯ ಇಬ್ಬರು ಹೆಣ್ಣುಮಕ್ಕಳು, ನಾನು. ಅವರ ಕೈಯಲ್ಲಿ ಒಂದೊಂದು ಹಗ್ಗ, ಸಿಂಬಿ ಸುತ್ತಲು ಹಳೇ ಸೀರೆಯ ತುಂಡು, ರೊಟ್ಟಿ ಗಂಟು. ನನ್ನ ಕೈಯಲ್ಲಿ ಕೈಗವಸು, ನೀರಿನ ಬಾಟಲಿ, ಬ್ಯಾಗು. ವೈನಿ ದಾರಿಯುದ್ದಕ್ಕೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಮ್ಮ ಕಡೆ ಗಂಡಸರು ಕಟ್ಟಿಗೆಯನ್ನು ತಂದರೂ ಹೆಗಲ ಮೇಲೆ ತರುತ್ತಾರೆ. ತಲೆಗೆ ಸಿಂಬಿ ಇಟ್ಟುಕೊಳ್ಳುವ ಗಂಡಸನ್ನು ಅವರು ನೋಡಿದ್ದೇ ಅದು ಮೊದಲಂತೆ.

ಎರಡು ಮೈಲಿ ನಡೆದರೆ ಕಾಡು. ಅದಕ್ಕೂ ಮೊದಲು ನೀಲಗಿರಿ ಗಿಡಗಳ ಒಂದು ಪಟ್ಟಿ ಬರುತ್ತದೆ. ನನಗೆ ಅಲ್ಲಿ ಬಿದ್ದ ಕಟ್ಟಿಗೆಯೇ ಸಾಕು ಅನ್ನಿಸಿತು. ಅದನ್ನು ನೋಡಿ ದೊಡ್ಡವ್ವನಿಗೆ ತನ್ನ ತವರಿನ ನೆನಪು ಬಂತು. ಅವಳ ತವರು ಕುಸನೂರು ಕಡೆ. 1987ರ ನವೆಂಬರ್ 14ರಂದು ಅಲ್ಲಿ 'ಕಿತ್ತಿಕೋ ಹಚ್ಚಿಕೋ' ಎಂಬ ಸತ್ಯಾಗ್ರಹ ನಡೆದಿತ್ತು. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಊರವರು ದನ ಮೇಯಿಸುತ್ತಿದ್ದ, ಕಟ್ಟಿಗೆ ಆಯುತ್ತಿದ್ದ ಸಾಮೂಹಿಕ ಭೂಮಿಯನ್ನು ಸರ್ಕಾರವೂ ರೇಯಾನ್ ನಾರಿನ ಕಾರ್ಖಾನೆಯೂ ಪಾಲುದಾರರಾಗಿದ್ದ ಒಂದು ಕಂಪನಿಗೆ ನೀಲಗಿರಿ ಬೆಳೆಯಲು ಕೊಡಲಾಗಿತ್ತು. ಜನ ಸೇರಿ ನೀಲಗಿರಿ ಸಸಿ ಕಿತ್ತು, ಮೇವಿಗೂ ಒಲೆಗೂ ಆಗುವ ಸಸಿ ನೆಟ್ಟರು. "ನಮ್ಮವ್ವ ಹೋಗಿದ್ಲು. ಅಕಿ ಹೇಳ್ತಿದ್ಲು, ಈ ಗಿಡದ ಬುಡಕ ಹುಲ್ಲೂ ಹುಟ್ಟಂಗಿಲ್ಲ, ಎಲಿ ದನಾನೂ ತಿನ್ನಂಗಿಲ್ಲ ಅಂತ." ಆ ಕಂಪನಿ ಆಮೇಲೆ ಮುಚ್ಚಿತು. ನಾನು ಹುಬ್ಬಳ್ಳಿಯಲ್ಲಿ ಓದುವಾಗ ಇದನ್ನೆಲ್ಲ ಪರಿಸರ ಚಳವಳಿ ಎಂಬ ಪಾಠದಲ್ಲಿ ಕೇಳಿದ್ದೆ. ಅದು ನಮ್ಮ ಅಜ್ಜಿಯಂಥವರು ಒಲೆಗಾಗಿ ಮಾಡಿದ ಜಗಳ ಎಂದು ಹೊಳೆದಿರಲಿಲ್ಲ. ಅಂದಹಾಗೆ, ಅಷ್ಟೆಲ್ಲ ಬೈದ ಮೇಲೂ ದೊಡ್ಡವ್ವ ವಾಪಸು ಬರುವಾಗ ಒಂದು ಹಿಡಿ ಒಣ ನೀಲಗಿರಿ ಎಲೆ ಸೆರಗಿಗೆ ಕಟ್ಟಿಕೊಂಡಳು. ಒಲೆ ಹೊತ್ತಿಸಲು ಅದರಷ್ಟು ಛಲೋ ಯಾವುದೂ ಇಲ್ಲವಂತೆ.

ಕಾಡಿನಲ್ಲಿ ಎಲ್ಲ ಕಟ್ಟಿಗೆಯೂ ಕಟ್ಟಿಗೆಯಲ್ಲ. ಇದು ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ನಾನು ಕಂಡದ್ದನ್ನೆಲ್ಲ ಎತ್ತುತ್ತಿದ್ದೆ. ದೊಡ್ಡವ್ವ ಬಂದು ಅದರಲ್ಲಿ ಅರ್ಧ ಬಿಸಾಡುತ್ತಿದ್ದಳು. ಅವಳು ಮೊದಲು ಕಾಲಿನಿಂದ ಒತ್ತುತ್ತಾಳೆ, ಆಮೇಲೆ ಇನ್ನೊಂದು ಕಟ್ಟಿಗೆಯಿಂದ ಬಡಿಯುತ್ತಾಳೆ. ಠಣ್ ಅಂದರೆ ಒಳಗೆ, ದಬ್ ಅಂದರೆ ಹೊರಗೆ. ಹಸಿ ಇದ್ದರೂ ದಬ್, ಕೊಳೆತಿದ್ದರೂ ದಬ್. ಟೊಳ್ಳು ಕಟ್ಟಿಗೆಯನ್ನು ಅವಳು ಎಂದೂ ಹೊರುವುದಿಲ್ಲ. "ಹೊರಾಕ ಭಾರ, ಉರಿಯಾಕ ಹಗರ. ಒಳಗ ಏನರ ಹುಳಾ ಹುಪ್ಪಡಿ ಮನಿ ಮಾಡಿರ್ತಾವ, ಇರ್ಲಿ ಬಿಡ." ದಪ್ಪ ಕೊಂಬೆಯನ್ನು ಕೈಯಿಂದ ಎತ್ತುವ ಮೊದಲು ಕೋಲಿನಿಂದ ಹೊರಳಿಸಬೇಕು. ಮೂರನೇ ದಿನ ನಾನು ಹೊರಳಿಸಿದ ಕೊಂಬೆಯ ಕೆಳಗೆ ನನ್ನ ಅಂಗೈಯಷ್ಟು ಕರಿಚೇಳು ಇತ್ತು. ಅದಾದ ಮೇಲೆ ಕೋಲು ಮರೆತಿದ್ದೇ ಇಲ್ಲ.

ಮರಗಳ ಮೇಲೆ ಅವರಿಗೆ ಒಂದೊಂದು ಅಭಿಪ್ರಾಯ. ಮತ್ತಿ, ದಿಂಡಲ ಸಿಕ್ಕರೆ ಹಬ್ಬ. ನಿಧಾನ ಉರಿಯುತ್ತವೆ, ಕೆಂಡ ನಿಲ್ಲುತ್ತದೆ. ಮುತ್ತಲದ ಕಟ್ಟಿಗೆ ಹೊಗೆಯೇ ಜಾಸ್ತಿ. ಲಂಟಾನದ ಒಣ ಕಡ್ಡಿ ಪುಳ್ಳಿಗೆ ಸರಿ, ಆದರೆ ಹೊರೆ ಕಟ್ಟಿದರೆ ಅದರ ಮುಳ್ಳು ಕುತ್ತಿಗೆ ಗೀರುತ್ತದೆ. ಅತ್ತಿ, ಬನ್ನಿ ಒಲೆಗೆ ಹಾಕುವುದಿಲ್ಲ, ಅವು ದೇವರ ಗಿಡ. ಬಿದಿರನ್ನೂ ಮನೆಯ ಒಲೆಗೆ ಹಾಕುವುದಿಲ್ಲ. ಚಟ್ಟಕ್ಕೆ ಬಳಸುವ ಗಳ ಅದು ಎಂದು ದೊಡ್ಡವ್ವ. ಗೆಣ್ಣಿನೊಳಗಿನ ಗಾಳಿ ಕಾದು ಪಟಾಕಿಯಂತೆ ಸಿಡಿಯುತ್ತದೆ ಎಂದು ವೈನಿ. ಎರಡೂ ಸರಿಯೇ ಇರಬೇಕು.

ಹೊರೆ ಕಟ್ಟುವುದು ಬೇರೆಯೇ ವಿದ್ಯೆ. ಹಗ್ಗವನ್ನು ಎರಡೆಳೆಯಾಗಿ ನೆಲಕ್ಕೆ ಹಾಸಬೇಕು. ಅದರ ಮೇಲೆ ನೆಟ್ಟಗಿನ ದಪ್ಪ ಕಟ್ಟಿಗೆ, ನಡುವೆ ಸಣ್ಣವು, ಮೇಲೆ ಮತ್ತೆ ನೆಟ್ಟಗಿನವು. ಬುಡಗಳೆಲ್ಲ ಒಂದೇ ಕಡೆ ಬಂದರೆ ಹೊರೆ ಹಿಂದಕ್ಕೆ ಎಳೆಯುತ್ತದೆ, ಆದ್ದರಿಂದ ಅರ್ಧ ಆ ಕಡೆ, ಅರ್ಧ ಈ ಕಡೆ. ಮೊಣಕಾಲು ಊರಿ ಹಗ್ಗ ಜಗ್ಗಬೇಕು. ನನ್ನ ಮೊದಲ ಹೊರೆ ನಡುದಾರಿಯಲ್ಲಿ ಬಿಚ್ಚಿಕೊಂಡಿತು. ಎರಡನೆಯದು ಊರಬಾಗಿಲಲ್ಲಿ, ಹೋಟೆಲಿನ ಮುಂದೆ, ಹತ್ತು ಜನ ಚಹಾ ಕುಡಿಯುವ ಹೊತ್ತಿನಲ್ಲಿ.

ಎತ್ತುವುದು ಅದಕ್ಕಿಂತ ಕಷ್ಟ. ಒಬ್ಬರೇ ಎತ್ತಿ ತಲೆಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಇಬ್ಬರು ಸೇರಿ ಒಬ್ಬರ ತಲೆಗೆ ಏರಿಸಬೇಕು. ಹಾಗೆ ಎಲ್ಲರದೂ ಏರಿದ ಮೇಲೆ ಕೊನೆಗೆ ಒಬ್ಬರು ಉಳಿಯುತ್ತಾರಲ್ಲ, ಅವರಿಗೆ ಯಾರು? ತಲೆ ಮೇಲೆ ಹೊರೆ ಇದ್ದವರು ಬಗ್ಗುವ ಹಾಗಿಲ್ಲ. ಆ ಕೊನೆಯವಳು ಯಾವಾಗಲೂ ದೊಡ್ಡವ್ವ. ಅವಳು ಹೊರೆಯನ್ನು ಒಂದು ಮರಕ್ಕೆ ನೆಟ್ಟಗೆ ಆನಿಸುತ್ತಾಳೆ. ಅದರ ನಡುವಿಗೆ ತಲೆ ಕೊಟ್ಟು, ಕೂತಲ್ಲಿಂದ ಮರ ಹಿಡಿದು ಏಳುತ್ತಾಳೆ. ಏಳುತ್ತ ಏಳುತ್ತ ಹೊರೆ ತಾನಾಗಿ ಅಡ್ಡ ಮಲಗುತ್ತದೆ. ಅರವತ್ತು ದಾಟಿದ ಹೆಂಗಸು. ಮೊದಲ ದಿನ ಅದನ್ನು ನೋಡಿ ನನಗೆ ಮಾತೇ ಬರಲಿಲ್ಲ. "ಏನ್ ನೋಡ್ತಿ, ನಡಿ ಮುಂದ" ಎಂದಳು.

ಮನೆಗೆ ಬಂದ ಮೇಲೆ ಜೋಳ ತೂಗುವ ತಕ್ಕಡಿಗೆ ಎರಡೂ ಹೊರೆ ಹಾಕಿದೆ. ನನ್ನದು 14 ಕಿಲೋ. ಅವಳದು 27.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ. ಡಿಸೆಂಬರ್ ಮೊದಲ ವಾರ ಇರಬೇಕು. ನಾನು ಸ್ವಲ್ಪ ದೂರ ಹೋಗಿದ್ದೆ. ಗಾಳಿಗೆ ಮುರಿದು ಬಿದ್ದ ಒಂದು ಕೊಂಬೆ ಸಿಕ್ಕಿತು. ನೆಟ್ಟಗೆ, ಚೆಂದಗೆ, ಇನ್ನೂ ಪೂರ್ತಿ ಒಣಗಿರಲಿಲ್ಲ. ಮುರಿದಲ್ಲಿ ಕಪ್ಪು ಅಂಟು ಇಳಿದಿತ್ತು. ಕಾಡು ಸುತ್ತಿದ ಗರ್ವ ನೋಡಿ, ಆ ಹೊತ್ತಿಗೆ ನಾನು ಕೈಗವಸು ಬಿಟ್ಟಿದ್ದೆ. ಹೊರೆಯಲ್ಲಿ ಅದನ್ನೇ ಮೇಲಿಟ್ಟು ತಂದೆ. ಸಂಜೆಗೆ ಕುತ್ತಿಗೆ ತುರಿಸಿತು. ರಾತ್ರಿ ಉರಿ. ಬೆಳಗ್ಗೆ ಎದ್ದರೆ ಕುತ್ತಿಗೆ, ಮೊಣಕೈ ಮೇಲೆ ನೀರು ತುಂಬಿದ ಗುಳ್ಳೆ, ಒಂದು ಕಣ್ಣು ಮುಚ್ಚುವಷ್ಟು ಬಾವು. ದೊಡ್ಡವ್ವ ಬಂದು ಹೊರೆ ನೋಡಿದವಳೇ ಹಣೆ ಚಚ್ಚಿಕೊಂಡಳು. "ಕೇರ ಗಿಡಾನ ತಲೀ ಮ್ಯಾಲೆ ಹೊತ್ಕೊಂಡು ಬಂದೀಯಲ್ಲೋ ಯಪ್ಪಾ!"

ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ಕಾಯಿ ಇದೆಯಲ್ಲ, ಅದೇ ಕೇರು. ಕಾಯಿಯ ಎಣ್ಣೆ ಬಟ್ಟೆಗೆ ತಾಗಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಮೈಗೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತವೆ. ಅದನ್ನು ಒಲೆಗೆ ಹಾಕಿದ್ದರೆ ಹೊಗೆಯಿಂದ ಅವ್ವನಿಗೂ ಇದೇ ಗತಿ ಆಗುತ್ತಿತ್ತು. ಪುಣ್ಯಕ್ಕೆ ಇನ್ನೂ ಹಾಕಿರಲಿಲ್ಲ. ಡಾಕ್ಟರ್ ಹತ್ತಿರ ಹೋದೆ, ಮಾತ್ರೆ ಮುಲಾಮು ಬಂತು. ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು. ಯಾವುದರಿಂದ ಕಮ್ಮಿಯಾಯಿತೋ, ಹತ್ತು ದಿನ ಬೇಕಾಯಿತು. ಆ ಕೊಂಬೆಯನ್ನು ಕಾಕಾ ಗೋಣಿಚೀಲದಲ್ಲಿ ಹಿಡಿದು ತಿಪ್ಪೆಯ ಆಚೆ ಹೂತು ಬಂದ. ಮುಗಿಸುವಾಗ, "ಇದೂ ಪುಕ್ಕಟನ ಬಂದಿದ್ದು" ಎಂದ. ನಗಲು ಹೋದರೆ ಕೆನ್ನೆ ಉರಿಯುತ್ತಿತ್ತು.

ಆ ಹತ್ತು ದಿನ ಕಟ್ಟಿಗೆ ತರುವವರಿಲ್ಲ. ಬಚ್ಚಲ ಪಕ್ಕ ಹಳೇ ಒಂಟಿ ಒಲೆಗೆ ಇನ್ನೂ ಗ್ಯಾಸ್ ಉಳಿದಿದ್ದ ಒಂದು ಸಿಲಿಂಡರ್ ಜೋಡಿಸಿ, ದೊಡ್ಡ ಪಾತ್ರೆಯಲ್ಲಿ ಎರಡು ಸಲ ಕಾಯಿಸಿ ಹಂಡೆಗೆ ಸುರಿದೆವು. ಅಡುಗೆಯ ಸಿಲಿಂಡರ್ ಬೇರೆ ಇತ್ತು. ಮಾಡಲು ಬೇರೆ ಕೆಲಸ ಇಲ್ಲದ ನಾನು ಆ ಸಿಲಿಂಡರನ್ನು ಮೊದಲ ದಿನ ತೂಗಿದೆ, ಕೊನೆಯ ದಿನ ತೂಗಿದೆ. ಹತ್ತು ಹಂಡೆಗೆ 2 ಕಿಲೋ 400 ಗ್ರಾಂ ಗ್ಯಾಸ್. ನಮ್ಮ ಹಂಡೆ 40 ಲೀಟರಿನದು. 14.2 ಕಿಲೋದ ಸಿಲಿಂಡರ್ ಆಗ ನಮ್ಮ ಮನೆ ಮುಟ್ಟುವ ಹೊತ್ತಿಗೆ 900 ರೂಪಾಯಿ ಹತ್ತಿರ ಆಗುತ್ತಿತ್ತು. ಅಂದರೆ ಹತ್ತು ಸ್ನಾನಕ್ಕೆ ಸುಮಾರು 150 ರೂಪಾಯಿ.

ಕಟ್ಟಿಗೆಯ ಲೆಕ್ಕ ಮೊದಲೇ ಇತ್ತು. ಚೆನ್ನಾಗಿ ಒಣಗಿದ್ದಾದರೆ ಒಂದು ಹಂಡೆಗೆ ಎರಡೂವರೆಯಿಂದ ಮೂರು ಕಿಲೋ. ಅಂದರೆ ದೊಡ್ಡವ್ವನ 27 ಕಿಲೋ ಹೊರೆ ಹತ್ತು ಹಂಡೆಗೆ ಸರಿ. ಬೆಳಗ್ಗೆ ಆರಕ್ಕೆ ಹೋಗಿ ಹನ್ನೆರಡಕ್ಕೆ ಬರುವ ಆರು ತಾಸಿನ ದುಡಿಮೆ, ನಾಲ್ಕು ಮೈಲಿ ನಡಿಗೆ, ಕುತ್ತಿಗೆ ನೋವು ಎಲ್ಲ ಸೇರಿ 150 ರೂಪಾಯಿಯ ಗ್ಯಾಸಿಗೆ ಸಮ! ಆ ವರ್ಷ ಉದ್ಯೋಗ ಖಾತ್ರಿಯ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ನಾನು ದೊಡ್ಡ ಸತ್ಯ ಕಂಡುಹಿಡಿದವನಂತೆ ಓಡಿಹೋಗಿ ದೊಡ್ಡವ್ವನಿಗೆ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕೂಲಿ ದಿನಾ ಇರತೈತೇನ?"

"ಇಲ್ಲ."

"ಇದ್ದ ದಿನದ ರೊಕ್ಕ ಅವತ್ತ ಕೈಗೆ ಬರತೈತೇನ?"

"ಇಲ್ಲ."

"ಸಿಲಿಂಡರ್‌ದಾಂವ 150 ರೂಪಾಯಿದ್ದಷ್ಟ ಗ್ಯಾಸ್ ಹಾಕ್ತಾನೇನ? ಒಮ್ಮೆಲೆ 900 ಎಣಸಬೇಕಲ್ಲಪಾ."

ನನ್ನ ಲೆಕ್ಕ ಅಲ್ಲಿಗೆ ನಿಂತಿತು. ವೈನಿ ಮಾತ್ರ ಒಳಗಿಂದ, "ಅವರು ಹೇಳೋದು ಖರೆ ಐತ್ರಿ ಅತ್ತಿ. ನಮ್ಮ ಕುತಗೀಗೆ ರೇಟ್ ಇಲ್ಲ ಅಂತ ಪುಕ್ಕಟ ಅಂತಾರ" ಎಂದರು. ಅತ್ತೆ ಸೊಸೆ ಇಬ್ಬರೂ ಸರಿ ಎಂದು ನನಗೆ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಒಂದು ಮಾತ್ರ ಗೊತ್ತಾಯಿತು. ನಮ್ಮ ಹಿತ್ತಲಲ್ಲಿ ಅಷ್ಟು ವರ್ಷ ಒಟ್ಟಿರುತ್ತಿದ್ದ ಕಟ್ಟಿಗೆಯನ್ನು ಅಪ್ಪ ತಂದದ್ದಲ್ಲ. ಅದರಲ್ಲಿ ಮುಕ್ಕಾಲು ಪಾಲು ಅವ್ವ ಹೊತ್ತದ್ದು. ಅವ್ವನನ್ನು ಕೇಳಿದರೆ, "ಮತ್ಯಾರು ತರ್ತಿದ್ರು?" ಎಂದಳು, ನಾನು ಏನೋ ಹುಚ್ಚು ಪ್ರಶ್ನೆ ಕೇಳಿದ ಹಾಗೆ.

ತಂದ ಕಟ್ಟಿಗೆ ಆ ದಿನವೇ ಒಲೆಗೆ ಬರುವುದಿಲ್ಲ. ಇದನ್ನು ಯಾರೂ ಮೊದಲು ಹೇಳಿರಲಿಲ್ಲ. ನೋಡಲು ಒಣಗಿದಂತೆ ಕಂಡರೂ ಒಳಗೆ ಇಬ್ಬನಿ, ಮಳೆಯ ತೇವ ಇರುತ್ತದೆ. ಹಾಗೇ ಹಾಕಿದರೆ ಬೆಂಕಿಯ ಒಂದಷ್ಟು ಶಕ್ತಿ ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಕಟ್ಟಿಗೆಯ ತುದಿಯಲ್ಲಿ ನೊರೆ ಸುಂಯ್ ಎನ್ನುತ್ತದೆ, ಬಚ್ಚಲೆಲ್ಲ ಹೊಗೆ. ಊದುಗೊಳವಿ ಹಿಡಿದು ಊದಿ ಊದಿ ನನ್ನ ಕಣ್ಣು ಕೆಂಡವಾಗಿತ್ತು, ಕಟ್ಟಿಗೆ ಆಗಿರಲಿಲ್ಲ. ಒಂದು ತೋಳುದ್ದದ ಮತ್ತಿ ತುಂಡನ್ನು ಗುರುತು ಮಾಡಿ ತೂಗಿಟ್ಟೆ. ತಂದ ದಿನ 3 ಕಿಲೋ 200 ಗ್ರಾಂ, ಐದು ವಾರದ ಮೇಲೆ 2 ಕಿಲೋ 300. ಅಷ್ಟು ನೀರನ್ನು ನಾನು ಸುಮ್ನೆ ಎರಡು ಮೈಲಿ ತಲೆ ಮೇಲೆ ಹೊತ್ತಿದ್ದೆ.

ಆಮೇಲೆ ಅವ್ವ ಒಟ್ಟುವುದನ್ನು ಕಲಿಸಿದಳು. ಕೆಳಗೆ ಸಾಲು ಕಲ್ಲು, ನೆಲಕ್ಕೆ ಕಟ್ಟಿಗೆ ತಾಗಬಾರದು, ತಾಗಿದರೆ ಗೆದ್ದಲು. ಒಂದು ಸಾಲು ಉದ್ದ, ಒಂದು ಸಾಲು ಅಡ್ಡ, ನಡುವೆ ಗಾಳಿ ಆಡಬೇಕು. ಮೇಲೆ ತಗಡು, ಬದಿಗೆ ಏನೂ ಬೇಡ. ನಾನು ಪ್ಲಾಸ್ಟಿಕ್ ತಾಡಪತ್ರಿ ಸುತ್ತಲು ಹೋಗಿದ್ದೆ, ಒಳಗೇ ಬೆವರಿ ಬೂಸು ಹಿಡಿಯುತ್ತದೆ ಎಂದು ಬಿಚ್ಚಿಸಿದಳು. ದಪ್ಪ ತುಂಡುಗಳನ್ನು ಮನೆಯಲ್ಲಿ ಕೊಡಲಿಯಿಂದ ಸೀಳಿದೆ. ಅಂತೂ ನನ್ನ ಕೊಡಲಿಗೆ ಒಂದು ಕೆಲಸ ಸಿಕ್ಕಿತು. ಹೊಗೆಗೆ ಅವ್ವ ಕೆಮ್ಮುವುದು ನೋಡಲಾಗದೆ ಒಲೆಯ ಮೇಲೆ ಗೋಡೆ ಕೊರೆದು ಒಂದು ಸಿಮೆಂಟ್ ಕೊಳವೆ ಕೂರಿಸಿದೆ. ಕೆಮ್ಮು ಕಮ್ಮಿಯಾಯಿತು. ಕೊಳವೆಯಿಂದ ಶಾಖವೂ ಹೊರಗೆ ಹೋಗುತ್ತದೆ ಎಂದು ಅವಳ ತಕರಾರು ಇನ್ನೂ ಇದೆ.

ಕಟ್ಟಿಗೆ ಸಾಲದಾಗ ಕಾಳು ಬಿಡಿಸಿದ ಗೋವಿನಜೋಳದ ತೆನೆ ಹಾಕುತ್ತಿದ್ದೆವು. ನಮ್ಮ ಕಡೆ ಅದಕ್ಕೇನು ಬರ ಇಲ್ಲ. ಬೇಗ ಹೊತ್ತುತ್ತದೆ, ಬೇಗ ಆರುತ್ತದೆ. ಒಲೆ ಮುಂದೆಯೇ ಕೂತಿರಬೇಕು, ಅಷ್ಟೇ ತೊಂದರೆ.

ಜನವರಿ ಕೊನೆಯ ಹೊತ್ತಿಗೆ ನನ್ನ ಹೊರೆ 22 ಕಿಲೋಕ್ಕೆ ಬಂದಿತ್ತು. ಅದಕ್ಕಿಂತ ಮೇಲೆ ಹೋಗಲೇ ಇಲ್ಲ. ಒಂದು ದಿನ ದೊಡ್ಡವ್ವನಿಗೆ ಜ್ವರ, ಬಂದಿರಲಿಲ್ಲ. ವೈನಿಯ ಹೊರೆ ಎತ್ತಿಸಿದೆ, ಉಳಿದಿಬ್ಬರದು ಎತ್ತಿಸಿದೆ, ನೋಡಿದರೆ ಕೊನೆಯವನು ನಾನೇ. ಅವರು ಮೂವರು ತಲೆ ಅಲುಗಿಸದೆ ನಿಂತಿದ್ದಾರೆ. ಮತ್ತಿ ಮರಕ್ಕೆ ಹೊರೆ ಆನಿಸಿದೆ. ತಲೆ ಕೊಟ್ಟೆ. ಮೊದಲ ಸಲ ಹೊರೆ ಬಲಕ್ಕೆ ಜಾರಿತು. ಎರಡನೇ ಸಲ ನಾನೇ ಜಾರಿದೆ. "ನಕ್ಕರ ನಮ್ಮವೂ ಬೀಳತಾವ್ರಿ, ಲಗೂ ಏಳ್ರಿ" ಎಂದರು ವೈನಿ. ಮೂರನೇ ಸಲ ಮರ ತಬ್ಬಿಕೊಂಡು ಎದ್ದೆ. ತೊಗಟೆಗೆ ಕೆನ್ನೆ ತರಚಿತು, ಆದರೆ ಹೊರೆ ಅಡ್ಡ ಮಲಗಿತು. ಸಂಜೆ ಹೋಗಿ ದೊಡ್ಡವ್ವನಿಗೆ ಹೇಳಿದರೆ, ಕಂಬಳಿಯೊಳಗಿಂದ, "ಹಗ್ಗ ಬಿಗಿ ಇತ್ತೇನ?" ಎಂದಳು.

ಫೆಬ್ರುವರಿ ಎರಡನೇ ವಾರ ಗಾರ್ಡ್ ಫೋನ್ ಮಾಡಿದರು. ಎಲೆ ಉದುರಿ ಒಣಗಿದೆ, ಬೆಂಕಿಯ ಕಾಲ ಶುರುವಾಗಿದೆ. ಬೆಂಕಿ ಹಬ್ಬದಂತೆ ನೆಲದ ಪಟ್ಟಿ ಬೋಳು ಮಾಡುವ ಬೆಂಕಿ ರೇಖೆ ಕೆಲಸ ನಡೆಯುತ್ತಿದೆ, ಇನ್ನು ಮಳೆ ಬರುವವರೆಗೆ ಒಳಗೆ ಬರಬೇಡಿ, ಬಂದರೂ ಬೀಡಿ ಕಡ್ಡಿಪೆಟ್ಟಿಗೆ ತರಬೇಡಿ ಎಂದರು. ಹಿತ್ತಲಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಒಟ್ಟಿದ ಕಟ್ಟಿಗೆಯ ಮುಂದೆ ನಿಂತು, ಅಂಗೈಯನ್ನು ಅದರ ಎತ್ತರಕ್ಕೆ ಹಿಡಿದು ನೋಡಿದಳು.

"ಯುಗಾದಿತನಕ ಬರತೈತಿ."

"ಆಮೇಲೆ?"

"ಆಮ್ಯಾಲೆ ಬ್ಯಾಸಗಿ. ತಣ್ಣೀರ ಹೊಯ್ಕೊಂಡ್ರಾತು" ಎಂದು, ಮೇಲಿನ ಸಾಲಿನಿಂದ ಮೂರು ಕಟ್ಟಿಗೆ ಎಳೆದುಕೊಂಡು ಬಚ್ಚಲ ಕಡೆ ಹೊರಟಳು. ಒಂದನ್ನು ಬಾಗಿಲಲ್ಲಿ ನಿಂತು ಇನ್ನೊಂದರಿಂದ ಬಡಿದಳು. ಠಣ್ ಎಂದಿತು.